ಹತ್ತು ಸಾವಿರದ ಮೇಲೊಂದು ರೂಪಾಯಿ

ಕಡೂರಿನಿಂದ ಹೊರಟ ಮೊದಲ ಬಸ್ಸು ಯಗಟಿಯಲ್ಲಿ ನಿಂತಾಗ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಳಿಯುವವರು ಇಬ್ಬರೇ. ಒಬ್ಬಾತ ಹಾಲಿನ ಕ್ಯಾನಿನವನು, ಇನ್ನೊಬ್ಬರು ಹೆಗಲಿಗೆ ರೆಕ್ಸಿನ್ ಬ್ಯಾಗು ಹಾಕಿಕೊಂಡ ಮಲ್ಲಿಕಾಂಬ. ಬ್ಯಾಗಿನಲ್ಲಿ ಒಂದು ವೋಚರ್ ಪುಸ್ತಕ, ಸ್ಟಾಂಪ್ ಪ್ಯಾಡು, ಹೆಬ್ಬೆರಳು ಒರೆಸಲು ಹಳೆಯ ಸೀರೆಯ ತುಂಡು, ಮಧ್ಯಾಹ್ನಕ್ಕೆ ಎರಡು ರೊಟ್ಟಿ. ರಸ್ತೆ ಬಿಟ್ಟು ತೆಂಗಿನ ತೋಟದ ಬೇಲಿಗುಂಟ ಹತ್ತು ನಿಮಿಷ ನಡೆದರೆ ಲಕ್ಕಣ್ಣನವರ ಕುರಿ ರೊಪ್ಪ ಸಿಗುತ್ತದೆ. ಕುರಿ ಮೇವಿಗೆ ಹೊರಟುಬಿಟ್ಟರೆ ಲಕ್ಕಣ್ಣ ಯಾವ ದಿಬ್ಬದ ಮೇಲಿರುತ್ತಾರೋ ಹೇಳಲಾಗದು. ಅದಕ್ಕೇ ಈ ಹೊತ್ತು.

"ಏನವ್ವಾ, ಇಷ್ಟೊತ್ತಿಗೇ ಬಂದ್ಬಿಟ್ಟೆ? ನಮ್ ಕೋಳಿನೇ ಇನ್ನೂ ಎದ್ದಿಲ್ಲ."

"ನಿಮ್ ಕೋಳಿಗೂ ನಿನ್ ಬುದ್ಧಿನೇ ಬಂದೈತೆ ಲಕ್ಕಣ್ಣ. ಬಾ, ಕೂತ್ಕೋ. ಕೆಲಸ ಐತೆ."

ಅರವತ್ತಾರರ ಲಕ್ಕಣ್ಣ ಕಂಬಳಿ ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂರುತ್ತಾರೆ. ಮಲ್ಲಿಕಾಂಬ ಪುಸ್ತಕ ಬಿಚ್ಚುತ್ತಾರೆ. ಪುಸ್ತಕ ಹೊಸದು, ಅದರಲ್ಲಿ ಬರೆದ ತಾರೀಕುಗಳು ಮಾತ್ರ ಎರಡು ವರ್ಷ ಹಳೆಯವು. ಒಟ್ಟು ಮೂವತ್ತೊಂದು ವೋಚರು, ಒಂಬತ್ತು ಜನರ ಸಹಿ ಅಥವಾ ಹೆಬ್ಬೆಟ್ಟು. ಸೋಮವಾರದೊಳಗೆ ಅಷ್ಟೂ ಕಡೂರಿನ ಕಚೇರಿಯ ಮೇಜಿನ ಮೇಲೆ ಬರಬೇಕು. ಬಾರದಿದ್ದರೆ ಇಪ್ಪತ್ಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಹಿಂದಿನ ಸಂಜೆ ಕಚೇರಿಯ ಮಾಲೀಕರು ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ.

ಮಲ್ಲಿಕಾಂಬ ಅವರಿಗೆ ಐವತ್ನಾಲ್ಕು. ಹುಟ್ಟೂರು ಅಜ್ಜಂಪುರ. ಹತ್ತನೇ ತರಗತಿ ಮುಗಿಸಿ ಅಲ್ಲಿನ ಈರುಳ್ಳಿ ಮಂಡಿಯೊಂದರಲ್ಲಿ ತೂಕದ ಚೀಟಿ ಬರೆಯಲು ಕೂತವರು. ಲೆಕ್ಕ ಕಲಿತದ್ದು ಅಲ್ಲೇ, ಕೊಳೆತ ಈರುಳ್ಳಿಯ ವಾಸನೆಯ ನಡುವೆ. "ಈರುಳ್ಳಿ ಲೆಕ್ಕ ಬರೆದೋರು ಯಾವ್ ಲೆಕ್ಕನಾದ್ರೂ ಬರೀಬೋದು ಕಣ್ರೀ. ಬೆಳಗ್ಗೆ ನೂರು ಚೀಲ ಇದ್ದದ್ದು ಮೂರ್ ದಿನಕ್ಕೆ ತೊಂಬತ್ತಾಗಿರ್ತದೆ. ಆ ಹತ್ತು ಚೀಲ ಎಲ್ಲೋಯ್ತು ಅಂತ ನಿಜ ಬರೆಯೋದೈತಲ್ಲ, ಅದೇ ಲೆಕ್ಕ" ಎನ್ನುತ್ತಾರೆ. ಗಂಡ ರುದ್ರಮೂರ್ತಿ ಬೀರೂರಿನಲ್ಲಿ ಮರದ ಮಿಲ್ಲೊಂದರ ಕಾವಲುಗಾರ. ಹೆಂಡತಿಯ ಬಗ್ಗೆ ಅವರ ದೂರು ಒಂದೇ: "ಮನೇಲಿ ಬೀಡಿ ಕಟ್ಟಿಗೂ ಚೀಟಿ ಕೇಳ್ತಾಳೆ. ಒಂದಿನ ಬರೆಸ್ಲಿಲ್ಲ ಅಂತ ಕಾಫಿನೇ ಕೊಡ್ಲಿಲ್ಲ." ಒಳಗಿನಿಂದ ಉತ್ತರ ಬರುತ್ತದೆ: "ಸುಳ್ಳು ಹೇಳ್ಬೇಡಿ. ಕಾಫಿ ಕೊಟ್ಟಿದ್ದೆ. ಸಕ್ಕರೆ ಹಾಕಿರ್ಲಿಲ್ಲ ಅಷ್ಟೆ."

ಮದುವೆಯಾಗಿ ಕಡೂರಿಗೆ ಬಂದ ಮೇಲೆ ತೆರಿಗೆ ಸಲಹೆಗಾರ ದ್ವಾರಕಾನಾಥರ ಕಚೇರಿ ಸೇರಿದರು. ಊರಿನವರಿಗೆ ದ್ವಾರಕಾನಾಥರು 'ಆಡಿಟ್ರು'. ಅವರಿಗೆ ನೂರ ನಲವತ್ತು ಗಿರಾಕಿಗಳು. ಕೊಬ್ಬರಿ ವ್ಯಾಪಾರಿ, ಗೊಬ್ಬರದಂಗಡಿ, ಲಾರಿ ಮಾಲೀಕ, ಹೋಟೆಲು. ಎಲ್ಲರೂ ವರ್ಷದ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ ತಂದು ಮಲ್ಲಿಕಾಂಬ ಅವರ ಮುಂದೆ ಸುರಿಯುತ್ತಾರೆ. ಡೀಸೆಲ್ ಮೆತ್ತಿದ ಬಿಲ್ಲು, ಅಕ್ಷರ ಮಾಸಿದ ಬಿಲ್ಲು, ಹಿಂಬದಿಯಲ್ಲಿ ಮಕ್ಕಳು ಗಣಿತ ಮಾಡಿದ ಬಿಲ್ಲು. ದಿನಕ್ಕೆ ಮುನ್ನೂರು ಬಿಡಿಸಿ ಬರೆಯುತ್ತಾರೆ. ಜುಲೈ ಬಂತೆಂದರೆ ಐನೂರು. ಎಲ್ಲ ಸರಿಯಾದ ಮೇಲೆ ಮಾಲೀಕರ ಸಹಿ ಬೀಳುತ್ತದೆ, ಹೆಸರು ಅವರದಾಗುತ್ತದೆ. ಅದು ಇರುವುದೇ ಹಾಗೆ.

ಸಂಬಳ ತಿಂಗಳಿಗೆ ಒಂಬತ್ತೂವರೆ ಸಾವಿರ, ನಗದು. ಚೀಟಿಯಿಲ್ಲ, ಪಿಎಫ್ ಇಲ್ಲ. ಕಚೇರಿಯ ಸ್ವಂತ ಲೆಕ್ಕಪುಸ್ತಕದಲ್ಲಿ ಆ ಹಣ ಸಂಬಳದ ಕಲಮಿಗೇ ಬರುವುದಿಲ್ಲ. 'ಕಚೇರಿ ಇತರೆ ಖರ್ಚು' ಎಂದಿರುತ್ತದೆ. ಇಪ್ಪತ್ಮೂರು ವರ್ಷ ತಿಂಗಳು ತಿಂಗಳೂ ಅದನ್ನು ಹಾಗೆ ಬರೆದದ್ದು ಮಲ್ಲಿಕಾಂಬ ಅವರೇ. ಅದು ಸುಳ್ಳಲ್ಲವೇ ಎಂದರೆ ನಗುತ್ತಾರೆ. "ಖರ್ಚಾಗಿದ್ದು ನಿಜ. ಇತರೆ ಅಂದಿದ್ದೂ ನಿಜ. ನಾನು ಇತರೆನೇ ತಾನೆ?"

ನಾಲ್ಕು ವರ್ಷದ ಹಿಂದೆ ಅವರ ಮೇಜಿಗೆ ಹೊಸ ತರಹದ ಗಿರಾಕಿ ಬಂತು. ಅಜ್ಜಂಪುರದ ಪ್ರಸನ್ನಕುಮಾರ್, ದೂರದ ಸಂಬಂಧದಲ್ಲಿ ಮಲ್ಲಿಕಾಂಬ ಅವರಿಗೆ ಮಗನಾಗಬೇಕು. ಅವನೂ ತರೀಕೆರೆಯ ಸಂಹಿತಾ ಎಂಬ ಹುಡುಗಿಯೂ ಸೇರಿ, ತರೀಕೆರೆಯ ಬಟ್ಟೆಯಂಗಡಿಯೊಂದರ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಮೊಬೈಲಿನಲ್ಲಿ ಆಡುವ ಆಟ ತಯಾರಿಸುವ ಕಂಪನಿ ತೆರೆದಿದ್ದರು. ಬಯಲುಸೀಮೆಯಲ್ಲಿ ಕುರಿ ಹಿಂಡು ಕಾಯುವ ಆಟ. ತೋಳ ಬರುತ್ತದೆ, ನೀರು ಹುಡುಕಬೇಕು, ಮರಿ ತಪ್ಪಿಸಿಕೊಳ್ಳುತ್ತದೆ.

ಅವರ ಮೊದಲ ವರ್ಷದ ಬಿಲ್ಲುಗಳನ್ನು ಮಲ್ಲಿಕಾಂಬ ನೆಲದ ಮೇಲೆ ಹರಡಿ ಎರಡು ಗುಡ್ಡೆ ಮಾಡಿದರು. "ಇದು ಕಂಪನಿದು, ಇದು ನಿಂದು. ಕಂಪನಿಗೋಸ್ಕರ ಆಗಿದ್ರೆ ಮಾತ್ರ ಖರ್ಚು. ಅಷ್ಟನ್ನ ಆದಾಯದಾಗೆ ಕಳೆದು ಉಳಿದದ್ದಕ್ಕೆ ತೆರಿಗೆ. ತಿಳೀತಾ?"

ಪ್ರಸನ್ನ ಒಂದು ಬಿಲ್ಲು ಈಚೆ ಎಳೆದುಕೊಂಡ. "ದೊಡ್ಡಮ್ಮ, ಈ ಕೇಕು ಯಾಕೆ ಆ ಕಡೆ ಹಾಕಿದ್ರಿ? ಆಫೀಸಲ್ಲೇ ಕಟ್ ಮಾಡಿದ್ದು!"

"ಆಫೀಸಲ್ಲೇ ಹುಟ್ಟಿದ್ಯೇನೋ?"

ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಸಾಫ್ಟ್‌ವೇರಿನ ತಿಂಗಳ ಶುಲ್ಕ, ಇಬ್ಬರು ಕೆಲಸಗಾರರ ಸಂಬಳ ಇವೆಲ್ಲ ಪೂರ್ತಿ ಖರ್ಚು. ಕಂಪ್ಯೂಟರಿನದು ಹಾಗಲ್ಲ. ಅದರ ಬೆಲೆಯನ್ನು ಒಂದೇ ಸಲ ಕಳೆಯುವಂತಿಲ್ಲ, ನೂರಕ್ಕೆ ನಲವತ್ತು ಈ ವರ್ಷ, ಉಳಿದದ್ದರಲ್ಲಿ ನೂರಕ್ಕೆ ನಲವತ್ತು ಮುಂದಿನ ವರ್ಷ. "ಎಮ್ಮೆಗೆ ವಯಸ್ಸಾದಂಗೆ ಅದಕ್ಕೂ ರೇಟು ಇಳೀತಾ ಹೋಗ್ತದೆ" ಎಂದು ಹುಡುಗರಿಗೆ ಅರ್ಥಮಾಡಿಸಿದರು.

ಒಂದು ಕಡೆ ಮಾತ್ರ ಅವರೇ ಎಡವಿದರು. ಬೇರೆ ಕಂಪನಿಗಳ ಆಟಗಳನ್ನು ಕೊಂಡ ಹನ್ನೊಂದು ಬಿಲ್ಲುಗಳಿದ್ದವು. ಆಟ ಆಡಿ ಮಜಾ ಮಾಡಿದ್ದಕ್ಕೆ ಸರ್ಕಾರ ಯಾಕೆ ರಿಯಾಯಿತಿ ಕೊಟ್ಟೀತೆಂದು ಅಷ್ಟನ್ನೂ ಹೊಡೆದುಹಾಕಿದ್ದರು. ಸಂಹಿತಾ ಬಿಡಲಿಲ್ಲ. "ಆಂಟಿ, ಒಂದು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತ್ಕೊಳ್ಳಿ, ಸಾಕು" ಎಂದಳು. ಮಲ್ಲಿಕಾಂಬ ರೈಲು ಹತ್ತಿ ತರೀಕೆರೆಗೆ ಹೋಗಿ ಕೂತರು. ಹುಡುಗಿ ಎರಡು ನಿಮಿಷ ಆಡುತ್ತಾಳೆ, ನಿಲ್ಲಿಸುತ್ತಾಳೆ, ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ, ಮತ್ತೆ ಅದೇ ಜಾಗ ಹತ್ತು ಸಲ ಆಡುತ್ತಾಳೆ. ಅದರಲ್ಲಿ ಮಜಾ ಏನೂ ಕಾಣಲಿಲ್ಲ. ಮರುದಿನ ಮಾಲೀಕರ ಮುಂದೆ ನಿಂತು ವಾದಿಸಿದರು: "ಸಾರ್, ದರ್ಜಿ ಬೇರೆಯೋರ ಹೊಲಿಗೆ ಬಿಚ್ಚಿ ನೋಡಿ ಕಲೀತಾನೆ. ಬಿಚ್ಚೋಕೆ ತಂದ ಬಟ್ಟೆ ಖರ್ಚಲ್ವಾ?" ದ್ವಾರಕಾನಾಥರು ನಕ್ಕು ಒಪ್ಪಿದರು. ಸಂಹಿತಾಳ ನೋಟ್‌ಬುಕ್ಕಿನ ಜೆರಾಕ್ಸು ತೆಗೆಸಿ ಬಿಲ್ಲಿಗೆ ಪಿನ್ನು ಹೊಡೆದವರೂ ಮಲ್ಲಿಕಾಂಬ ಅವರೇ.

ಎರಡನೇ ವರ್ಷ ಹುಡುಗರು ಯಗಟಿಗೆ ಬಂದರು. ಲಕ್ಕಣ್ಣನವರ ಸಿಳ್ಳು, ಕುರಿಯನ್ನು ತಿರುಗಿಸುವ ಕೂಗು, ನಾಯಿಯನ್ನು ಗದರಿಸುವ ಬಗೆ, ರಾಗಿ ಬೀಸುತ್ತ ಅದೇ ಊರಿನ ಮಾರಮ್ಮ ಹೇಳುವ ಪದ ಎಲ್ಲವನ್ನೂ ಆಟಕ್ಕೆಂದು ಧ್ವನಿಮುದ್ರಿಸಿಕೊಂಡರು. ಒಂಬತ್ತು ಜನ ಹಿರಿಯರು ತಿಂಗಳುಗಟ್ಟಲೆ ಬಿಡುವು ಮಾಡಿಕೊಂಡು ನಿಂತರು. ಒಂದು ದಿನ ಹುಡುಗರ ಡ್ರೋನಿಗೆ ಬೆದರಿದ ಮರಿಯೊಂದು ಹಳ್ಳಕ್ಕೆ ಬಿದ್ದು ಸತ್ತಿತು. ಅದಕ್ಕೆ ಆರೂವರೆ ಸಾವಿರ ಕೊಟ್ಟು, ಪಶು ವೈದ್ಯರಿಂದ ಚೀಟಿ ಬರೆಸಿಕೊಂಡು, ಮಲ್ಲಿಕಾಂಬ ಅದನ್ನೂ ಲೆಕ್ಕಕ್ಕೆ ಹತ್ತಿಸಿದರು.

ಹಿರಿಯರಿಗೆ ಹಣ ಕೊಡುವ ಮಾತು ಬಂದಾಗ ತೊಡಕಾಯಿತು. ಬ್ಯಾಂಕಿಗೆ ಹಾಕೋಣವೆಂದರೆ ಮಾರಮ್ಮ ಕೈ ಅಡ್ಡ ಹಿಡಿದರು: "ಬ್ಯಾಡ ಕಣಪ್ಪಾ. ಪಾಸ್‌ಬುಕ್ಕು ಮಗನ ಕೈಲೈತೆ. ಹಾಕಿದ್ ದುಡ್ಡು ನಂಗೆ ಕಾಣಲ್ಲ, ನನ್ ಸೊಸೆಗೆ ಕಾಣ್ತದೆ." ಉಳಿದವರ ಕಥೆಯೂ ಹೆಚ್ಚುಕಮ್ಮಿ ಅದೇ. ನಗದು ಕೊಡುವುದಾದರೆ ಕಾನೂನಿನದೊಂದು ಗೆರೆಯಿದೆ. ಒಬ್ಬರಿಗೆ ಒಂದು ದಿನ ಹತ್ತು ಸಾವಿರ ದಾಟಿ ನಗದು ಕೊಟ್ಟರೆ ದಾಟಿದಷ್ಟಲ್ಲ, ಕೊಟ್ಟದ್ದಷ್ಟೂ ಖರ್ಚಿನಿಂದ ಬಿದ್ದುಹೋಗುತ್ತದೆ. ಅದಕ್ಕೇ ಮಲ್ಲಿಕಾಂಬ ಕಟ್ಟಪ್ಪಣೆ ಮಾಡಿದರು: ಒಂದು ಸಲಕ್ಕೆ ಹತ್ತು ಸಾವಿರ, ಅದರ ಮೇಲೆ ಬೇಡ.

ಮೊದಲ ಸಲ ಕೊಡುವ ದಿನ ಅವರೂ ಯಗಟಿಯಲ್ಲಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ, ಮೇಲೆ ಐನೂರರ ಇಪ್ಪತ್ತು ನೋಟು. ಪ್ರಸನ್ನ ತಟ್ಟೆ ಎತ್ತಿದ. ಮಲ್ಲಿಕಾಂಬ ತಡೆದರು. "ಲೇ, ಬರೀ ಸೊನ್ನೆ ಮೇಲೆ ಹಿರಿಯೋರ ಕೈಗೆ ಕೊಡ್ತಾರೇನೋ? ತಾಯಿ ಹೇಳ್ಕೊಟ್ಟಿಲ್ವಾ?" ತಮ್ಮ ಪರ್ಸಿನಿಂದ ಒಂದು ರೂಪಾಯಿ ತೆಗೆದು ನೋಟಿನ ಮೇಲಿಟ್ಟರು. ಲಕ್ಕಣ್ಣ ತಟ್ಟೆಯನ್ನು ಕಣ್ಣಿಗೊತ್ತಿಕೊಂಡರು. ಅಲ್ಲಿಂದಾಚೆಗೆ ಮೂವತ್ತು ಸಲವೂ ಹಾಗೆಯೇ ನಡೆಯಿತು. ವೋಚರಿನಲ್ಲಿ ಬರೆದದ್ದು ಹತ್ತು ಸಾವಿರದ ಒಂದು. ಮೊದಲ ರೂಪಾಯಿಯನ್ನು ಕಂಪನಿಯಿಂದ ವಾಪಸು ಇಸಿದುಕೊಂಡು ಅದಕ್ಕೂ ಸಹಿ ಹಾಕಿದರು.

ಇಡೀ ಕಡೂರಿನಲ್ಲಿ ಆ ಹತ್ತು ಸಾವಿರದ ಗೆರೆಯನ್ನು ಅವರಷ್ಟು ಬಲ್ಲವರು ಯಾರಿದ್ದರು? ಆದರೆ ಎಲೆ ಅಡಿಕೆಯ ಮೇಲಿನ ರೂಪಾಯಿ ಆ ಗೆರೆಯನ್ನು ದಾಟುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಅದು ಮರ್ಯಾದೆ, ದುಡ್ಡಲ್ಲ ಎಂದೇ ಅವರ ಮನಸ್ಸಿನಲ್ಲಿತ್ತು. ಮರ್ಯಾದೆಯೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು, ಅದನ್ನು ಪುಸ್ತಕಕ್ಕೆ ಬರೆದರು.

ಆಟಕ್ಕೆ ಹೊರದೇಶದ ಕಂಪನಿಯೊಂದರಿಂದ ಹಣ ಬಂತು. ಲಾಭವಾಯಿತು. ಲಾಭವಾದ ಮೇಲೆ ಖರ್ಚಿನ ಮೇಲೆ ಕಣ್ಣು ಬೀಳುತ್ತದೆ. ನಗದು ಖರ್ಚಿನ ಪಟ್ಟಿಯನ್ನೂ ವೋಚರುಗಳನ್ನೂ ಸಲ್ಲಿಸಿ ಎಂದು ತೆರಿಗೆ ಇಲಾಖೆಯಿಂದ ಕಂಪ್ಯೂಟರಿನಲ್ಲಿ ನೋಟಿಸು ಬಂತು. ದ್ವಾರಕಾನಾಥರು ಫೈಲು ತಿರುವಿದರು, ಕನ್ನಡಕ ತೆಗೆದರು, ಮತ್ತೆ ಹಾಕಿದರು. ಹತ್ತು ಸಾವಿರದ ಒಂದು, ಮೂವತ್ತೊಂದು ಸಲ. ಒಟ್ಟು ಮೂರು ಲಕ್ಷದ ಹತ್ತು ಸಾವಿರದ ಮೂವತ್ತೊಂದು ರೂಪಾಯಿ. ಖರ್ಚು ಬಿದ್ದುಹೋದರೆ ತೆರಿಗೆಯೇ ತೊಂಬತ್ತಾರು ಸಾವಿರದ ಮೇಲೆ, ಬಡ್ಡಿ ಸೇರಿ ಲಕ್ಷ ದಾಟುತ್ತದೆ.

"ಏನಮ್ಮ ಇದು? ಬೇರೆ ಯಾರಾದ್ರೂ ಮಾಡಿದ್ರೆ ದಡ್ಡರು ಅನ್ಕೋಬಹುದಿತ್ತು. ನೀವು!"

"ಕೊಟ್ಟಿದ್ದನ್ನ ಬರೆದೆ ಸಾರ್."

"ಬರೆದ್ರಲ್ಲ, ಈಗ ಬೇರೆ ಬರೀರಿ. ಹೊಸ ಪುಸ್ತಕ ತಗೊಳ್ಳಿ. ಅದೇ ತಾರೀಕು, ಅದೇ ಜನ, ಹತ್ತು ಸಾವಿರ. ಉಳಿದ ಮೂವತ್ತೊಂದು ರೂಪಾಯಿನ ಎಲೆ ಅಡಿಕೆ ಖರ್ಚಿಗೆ ಹಾಕಿ. ಯಾರಿಗೆ ಮೋಸ ಆಗುತ್ತೆ ಹೇಳಿ?"

ಪ್ರಸನ್ನನೂ ಫೋನಿನಲ್ಲಿ ಅಂಗಲಾಚಿದ: "ಒಂದ್ ರೂಪಾಯಿ ದೊಡ್ಡಮ್ಮ! ಒಂದ್ ರೂಪಾಯಿಗೆ ಲಕ್ಷ ಕಟ್ಟಬೇಕಾ?"

ನಿಜಕ್ಕೂ ಯಾರಿಗೂ ಮೋಸವಿಲ್ಲ. ಅದೇ ಕಚೇರಿಯ ಇನ್ನೊಬ್ಬ ಗಿರಾಕಿ, ಕಬ್ಬಿಣದ ವ್ಯಾಪಾರಿ, ಮಗಳ ಮದುವೆಯ ಶಾಮಿಯಾನವನ್ನು ಅಂಗಡಿಯ ಪ್ರಚಾರದ ಖರ್ಚೆಂದು ತೋರಿಸಿದ್ದ. ಅಚ್ಚು ಹಾಕಿದ ಬಿಲ್ಲಿತ್ತು, ಬ್ಯಾಂಕಿನಿಂದ ಪಾವತಿಯಾಗಿತ್ತು, ಯಾರೂ ಏನೂ ಕೇಳಲಿಲ್ಲ. ಆ ಸಾಲನ್ನು ಮಾತ್ರ ಮಾಲೀಕರು ತಾವೇ ಬರೆದುಕೊಂಡಿದ್ದರು, ಮಲ್ಲಿಕಾಂಬ ಅವರ ಕೈಯಲ್ಲಿ ಬರೆಸಿರಲಿಲ್ಲ.

ಹಾಗಾಗಿ ಅಂದು ಬೆಳಗ್ಗೆ ಅವರು ಯಗಟಿಗೆ ಬಂದದ್ದು ಕೆಲಸ ಉಳಿಸಿಕೊಳ್ಳಲೆಂದೇ. ರಾತ್ರಿಯೆಲ್ಲ ಯೋಚಿಸಿ, ಮೂವತ್ತೊಂದು ರೂಪಾಯಿಯ ಸುಳ್ಳು ತಾನೆ ಎಂದು ಗಟ್ಟಿಮಾಡಿಕೊಂಡೇ ಬಸ್ಸು ಹತ್ತಿದ್ದಾರೆ. ಈಗ ಪ್ಯಾಡಿನ ಮುಚ್ಚಳ ತೆಗೆದು ಮುಂದಿಡುತ್ತಾರೆ. ಲಕ್ಕಣ್ಣ ಹೆಬ್ಬೆರಳು ಚಾಚುತ್ತಾರೆ.

"ಏನ್ ಬರ್ದೈತೆ ಅಂತ ಕೇಳಲ್ವಾ ಲಕ್ಕಣ್ಣ?"

"ನೀನ್ ಬರ್ದಿದ್ದು ಅಂದ್ಮೇಲೆ ಕೇಳೋದೇನೈತವ್ವಾ? ಬಿರ್ರನೆ ಒತ್ತಿಸ್ಕೋ, ಕುರಿ ಬಾಯ್ ಬಿಡ್ತಾವೆ."

ಮಲ್ಲಿಕಾಂಬ ಆ ಬೆರಳನ್ನೇ ನೋಡುತ್ತ ಕೂರುತ್ತಾರೆ. ಅಮೃತಾಪುರದ ಹತ್ತಿರ ಅವರ ಅಜ್ಜಿಯ ಹೆಸರಿನಲ್ಲಿ ಎರಡು ಎಕರೆ ಹೊಲವಿತ್ತು. ದಾಯಾದಿಯೊಬ್ಬ ಪಿಂಚಣಿಯ ಅರ್ಜಿಯೆಂದು ಕಾಗದ ತಂದ. ಅಜ್ಜಿಯೂ ಹೀಗೇ, ನೀನು ತಂದದ್ದು ಅಂದಮೇಲೆ ಕೇಳುವುದೇನು ಎಂದು ಬೆರಳು ಚಾಚಿದರು. ಕಾಗದದ ಮೇಲೆ ಹಿಂದಿನ ವರ್ಷದ ತಾರೀಕಿತ್ತು. ಮಳೆಗಾಲ ಬರುವುದರೊಳಗೆ ಖಾತೆ ಬದಲಾಗಿತ್ತು. ಅಂದು ಒಳಗಿನಿಂದ ಮಸಿ ಕುಡಿಕೆ ತಂದುಕೊಟ್ಟವಳು ಒಂಬತ್ತು ವರ್ಷದ ಮಲ್ಲಿಕಾಂಬ.

"ಮೊತ್ತ ಸಣ್ಣದು ಅಂತ ನಂಗೂ ಗೊತ್ತು. ಹಳೇ ತಾರೀಕು, ಹೊಸ ಹೆಬ್ಬೆಟ್ಟು. ಅದು ಏನು ಅಂತ ನಮ್ಮನೇಲಿ ಎಲ್ರಿಗೂ ಗೊತ್ತು" ಎಂದಷ್ಟೇ ಈಗ ಹೇಳುತ್ತಾರೆ.

ಅವರು ಪ್ಯಾಡು ಮುಚ್ಚುತ್ತಾರೆ. ಲಕ್ಕಣ್ಣನವರ ಬೆರಳು ಇನ್ನೂ ಚಾಚಿಯೇ ಇದೆ. "ಯಾಕವ್ವಾ, ಬ್ಯಾಡ್ವಾ?"

"ಬ್ಯಾಡ. ಬೆರಳು ಒರೆಸ್ಕೋ."

"ಮಸಿನೇ ಹತ್ತಿಲ್ವಲ್ಲವ್ವಾ!" ಎಂದು ಲಕ್ಕಣ್ಣ ನಗುತ್ತ ರೊಪ್ಪದ ಬಾಗಿಲು ತೆಗೆಯುತ್ತಾರೆ. ಉಳಿದ ಎಂಟು ಜನರ ಮನೆಗೆ ಮಲ್ಲಿಕಾಂಬ ಹೋಗುವುದಿಲ್ಲ. ಎಂಟೂವರೆಯ ಬಸ್ಸಿಗೆ ಕಡೂರಿಗೆ ವಾಪಸಾಗುತ್ತಾರೆ.

ಇದಾಗಿ ಐದು ತಿಂಗಳು ಕಳೆದಿದೆ. ಅಂದು ಹಳೆಯ ವೋಚರುಗಳನ್ನೇ ಸಲ್ಲಿಸಬೇಕಾಯಿತು. ಜೊತೆಗೆ ಹಾಕುವ ವಿವರಣೆಯನ್ನು ಮಲ್ಲಿಕಾಂಬ ಅವರೇ ಬರೆದರು. ಆ ಒಂದು ರೂಪಾಯಿ ಏನು, ಯಾಕೆ ಎಂದು ನಾಲ್ಕು ಪುಟ ಬರೆದದ್ದು ಕಂಪ್ಯೂಟರಿನ ಚೌಕದಲ್ಲಿ ಹಿಡಿಸಲಿಲ್ಲ. ಕತ್ತರಿಸಿ ಕತ್ತರಿಸಿ ಹನ್ನೆರಡು ಸಾಲಿಗೆ ಇಳಿಸಿದರು. "ಮೊದ್ಲಾಗಿದ್ರೆ ಎದುರಿಗೆ ಒಬ್ಬ ಅಧಿಕಾರಿ ಕೂತಿರೋರು. ಅವರಿಗೂ ಮನೇಲಿ ಅಜ್ಜಿ ಇರೋಳು, ಎಲೆ ಅಡಿಕೆ ಕಂಡಿರೋರು. ಈಗ ಯಾವೂರಾಗೆ ಯಾರು ಓದ್ತಾರೋ ಗೊತ್ತಿಲ್ಲ. ಕಂಪ್ಯೂಟರ್‌ಗೆ ಮರ್ಯಾದೆ ಅಂದ್ರೆ ಏನು ಅಂತ ಹೆಂಗ್ರೀ ಹೇಳೋದು?"

ಆದೇಶ ಬಂತು. ಕಂಪ್ಯೂಟರು, ಸಾಫ್ಟ್‌ವೇರು, ಡ್ರೋನು, ನೋಡಿ ಕಲಿಯಲು ಕೊಂಡ ಆಟಗಳು ಎಲ್ಲ ಖರ್ಚೂ ಒಪ್ಪಿಗೆಯಾಗಿತ್ತು. ಸತ್ತ ಕುರಿಮರಿಯ ಆರೂವರೆ ಸಾವಿರವೂ ಒಪ್ಪಿಗೆ. ಬದುಕಿರುವ ಒಂಬತ್ತು ಜನರ ದುಡಿಮೆ ಮಾತ್ರ ಖರ್ಚಲ್ಲವೆಂದು ತೀರ್ಮಾನವಾಯಿತು.

ಹುಡುಗರು ಲಕ್ಷ ಕಟ್ಟಿದರು. ಒಬ್ಬ ಕೆಲಸಗಾರನನ್ನು ಬಿಡಿಸಿದರು. ಪ್ರಸನ್ನ ಫೋನು ಮಾಡುವುದನ್ನು ನಿಲ್ಲಿಸಿದ. ಸಂಹಿತಾ ಒಬ್ಬಳೇ ಮನೆಗೆ ಬಂದು, ಇನ್ನು ಮುಂದೆ ಲೆಕ್ಕವನ್ನು ಶಿವಮೊಗ್ಗದವರೊಬ್ಬರಿಗೆ ಕೊಡುತ್ತೇವೆ ಎಂದು ತಲೆ ತಗ್ಗಿಸಿ ಹೇಳಿದಳು. "ನಿಮ್ ತಪ್ಪು ಅಂತಲ್ಲ ಆಂಟಿ..."

"ತಪ್ಪು ನಂದೇ ಕಣಮ್ಮ. ರೂಪಾಯಿ ಇಟ್ಟೋಳೂ ನಾನೇ, ಬರೆದೋಳೂ ನಾನೇ. ಮುಂದಿನ ಸಲ ಒಂಬತ್ತು ಸಾವಿರದ ಒಂದು ಕೊಡಿ. ರೂಪಾಯಿ ಬಿಡಬೇಡಿ" ಎಂದರು ಮಲ್ಲಿಕಾಂಬ. ಹುಡುಗಿಗೆ ಕಾಫಿ ಮಾಡಿಕೊಟ್ಟು, ನಾಲ್ಕು ವರ್ಷದ ಫೈಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಕಟ್ಟಿಕೊಟ್ಟರು.

ಗಿರಾಕಿ ಹೋದ ವಾರವೇ ದ್ವಾರಕಾನಾಥರು ಕರೆದು, ತಿಂಗಳ ಕೊನೆಗೆ ಸಾಕು ಎಂದರು. ಕೆಟ್ಟವರಲ್ಲ ಅವರು. ಪ್ರತಿ ಆಯುಧಪೂಜೆಗೆ ಸೀರೆ ಕೊಟ್ಟವರು, ರುದ್ರಮೂರ್ತಿಯವರ ಆಪರೇಷನ್ನಿಗೆ ಮುಂಗಡ ಕೊಟ್ಟವರು. ಆದರೆ ಹೇಳಿದ ಹಾಗೆ ಬರೆಯದ ಗುಮಾಸ್ತೆಯನ್ನು ಇಟ್ಟುಕೊಂಡರೆ ಉಳಿದ ನೂರ ಮೂವತ್ತೊಂಬತ್ತು ಗಿರಾಕಿಗಳಿಗೆ ಏನು ಹೇಳುವುದು? ಬೇರೆ ಕಡೆ ಕೆಲಸಕ್ಕೆ ತೋರಿಸಲು ಒಂದು ಪತ್ರ ಬೇಕೆಂದು ಮಲ್ಲಿಕಾಂಬ ಕೇಳಿದರು. ಮಾಲೀಕರು ಯೋಚಿಸಿ ಯೋಚಿಸಿ ಬರೆದರು. ಇಪ್ಪತ್ಮೂರು ವರ್ಷ ಎಂದು ಬರೆದರೆ ಪಿಎಫ್ ಎಲ್ಲಿ, ಸಂಬಳದ ದಾಖಲೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದಲ್ಲ. ಪತ್ರದಲ್ಲಿ ಇದ್ದದ್ದು ಇಷ್ಟು: 'ಇವರು ನಮ್ಮ ಕಚೇರಿಗೆ ಆಗಾಗ ಸಹಾಯಕ್ಕೆ ಬರುತ್ತಿದ್ದರು.'

ಮಲ್ಲಿಕಾಂಬ ನಿಂತೇ ಎರಡು ಸಲ ಓದಿದರು. ಮಡಿಸಿ ಮೇಜಿನ ಮೇಲೆ ಇಟ್ಟರು. "ಇದು ನೀವೇ ಇಟ್ಕೊಳ್ಳಿ ಸಾರ್. ನಿಜ ಅಲ್ಲದ್ದನ್ನ ತಗೊಂಡೋಗಿ ನಾನು ಯಾರಿಗೆ ತೋರಿಸ್ಲಿ?"

ಈಗ ಕಡೂರಿನ ಜೆರಾಕ್ಸ್ ಅಂಗಡಿಯೊಂದರ ಜಗುಲಿಯಲ್ಲಿ ಅವರದೊಂದು ಮೇಜಿದೆ. ಹದಿನಾಲ್ಕು ಜನರ ಲೆಕ್ಕ ಬರೆಯುತ್ತಾರೆ. ರೊಟ್ಟಿ ಮಾಡಿ ಮಾರುವವರು, ಕಂಬಳಿ ವ್ಯಾಪಾರಿ, ಎರಡು ಆಟೊ. ತಿಂಗಳಿಗೆ ನಾಲ್ಕು ಸಾವಿರ ಹುಟ್ಟಿದರೆ ಹೆಚ್ಚು. ಬಿಲ್ಲು ಕೊಡದ ಊರುಗಳಿಗೆ ಈಗಲೂ ಮೊದಲ ಬಸ್ಸಿಗೆ ಹೋಗುತ್ತಾರೆ, ವೋಚರಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಬೆರಳು ಹಿಡಿಯುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ ಪೆನ್ನು ಕೆಳಗಿಡದೆ ಹೇಳುತ್ತಾರೆ: "ಇನ್ನೊಂದ್ ಆರೇಳು ವರ್ಷ ಕಣ್ಣು ನೆಟ್ಟಗಿದ್ರೆ ಸಾಕು ಕಣ್ರೀ. ಬೇರೆಯೋರ ಕೈಲಿ ಬರೆಸಿದ್ರೆ ಏನ್ ಬರೀತಾರೋ, ಯಾರಿಗ್ಗೊತ್ತು."